ಅಕ್ಷರಕ್ಕೂ ಬೇಕು ಸಹಕಾರ

ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕು ಎಂದು 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ತಿದ್ದುಪಡಿ ತರಲಾಯಿತು. ಕನ್ನಡಿಗರಿಗೆ ಸಮಾಧಾನ ತಂದ ಕ್ರಮವಿದು. ಆದರೆ ಕಾನೂನು ಅಳೆಯಬಲ್ಲದ್ದು ಫಲಕದ ವಿಸ್ತೀರ್ಣವನ್ನು. ಆ ವಿಸ್ತೀರ್ಣದಲ್ಲಿ ಎಂಥ ಕನ್ನಡ ಕುಳಿತಿದೆ ಎಂಬುದನ್ನು ಅಳೆಯುವ ಪಟ್ಟಿ ಯಾವ ಅಧಿಕಾರಿಯ ಕೈಯಲ್ಲೂ ಇಲ್ಲ. ಯಾವುದೇ ಊರಿನ ಪೇಟೆ ಬೀದಿಯಲ್ಲಿ ಒಮ್ಮೆ ನಡೆದು ನೋಡಿದರೆ ವ್ಯತ್ಯಾಸ ಗೋಚರಿಸುತ್ತದೆ. ಇಂಗ್ಲಿಷ್ ಹೆಸರಿಗೆ ಪ್ರತಿ ಅಂಗಡಿಗೂ ಅದರದೇ ಆದ ಅಕ್ಷರರೂಪವಿರುತ್ತದೆ. ಅದರ ಪಕ್ಕದ ಕನ್ನಡ ಮಾತ್ರ ಎಲ್ಲ ಅಂಗಡಿಗಳಲ್ಲೂ ಅದೇ ಎರಡು ಮೂರು ಫಾಂಟುಗಳಲ್ಲಿ, ಜಾಗಕ್ಕೆ ತಕ್ಕಂತೆ ಹಿಗ್ಗಿಸಿಯೋ ಕುಗ್ಗಿಸಿಯೋ ಇಟ್ಟದ್ದು. ಒತ್ತಕ್ಷರ ಚೌಕಟ್ಟಿಗೆ ತಗುಲಿರುತ್ತದೆ; ಕೆಲವೊಮ್ಮೆ ಅರ್ಧ ಕತ್ತರಿಸಿಯೂ ಹೋಗಿರುತ್ತದೆ.

ಇದನ್ನು ಅಭಿಮಾನದ ಕೊರತೆ ಎಂದು ಬಗೆದು ಸುಮ್ಮನಾಗುವುದು ಸುಲಭ. ವಾಸ್ತವದಲ್ಲಿ ಇದು ಅರ್ಥಶಾಸ್ತ್ರದ ಸಮಸ್ಯೆ. ಒಂದು ಒಳ್ಳೆಯ ಅಕ್ಷರರೂಪವನ್ನು, ಒಂದು ಒಳ್ಳೆಯ ಚಿತ್ರವನ್ನು ಯಾರು ಮಾಡಬೇಕು, ಅದರ ಖರ್ಚನ್ನು ಯಾರು ಭರಿಸಬೇಕು, ಅದರಿಂದ ಬರುವ ಲಾಭ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗಳಿಗೆ ಕನ್ನಡ ಸಮಾಜ ಇನ್ನೂ ಉತ್ತರ ಕಂಡುಕೊಂಡಿಲ್ಲ. ಉತ್ತರದ ಸುಳಿವು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ಸಿಕ್ಕಿತ್ತು ಎಂಬುದು ಈ ಲೇಖನದ ವಾದ.

ಗ್ರಾಫಿಕ್ ಡಿಸೈನರ್ ಎಂಬ ವೃತ್ತಿಯವರು ಈಗ ನಮ್ಮ ಮಧ್ಯಮವರ್ಗದ ಮನೆಗಳಲ್ಲೂ ಕಾಣತೊಡಗಿದ್ದಾರೆ. ಈ ಯುವಕ ಯುವತಿಯರನ್ನು ಮಾತನಾಡಿಸಿದರೆ ಅವರ ಒಲವು ನಾಲ್ಕು ದಿಕ್ಕಿಗೆ ಹರಿದಿರುವುದು ತಿಳಿಯುತ್ತದೆ: ಪುಸ್ತಕ, ಪತ್ರಿಕೆಗಳಿಗೆ ಚಿತ್ರ ಬರೆಯುವುದು, ಚಿತ್ರಗಳಿಗೆ ಚಲನೆ ಕೊಡುವ ಅನಿಮೇಷನ್, ಅಕ್ಷರಗಳ ರೂಪವಿನ್ಯಾಸ ಮತ್ತು ಕೈಯಿಂದ ಮಾಡಿದ ವಸ್ತುಗಳು. ಒಬ್ಬಾಕೆ ಹಗಲೆಲ್ಲ ಕಂಪ್ಯೂಟರ್ ಮುಂದೆ ಕುಳಿತು ಸಂಜೆ ಕಸೂತಿ ಹಾಕುತ್ತಾಳೆ. ಇನ್ನೊಬ್ಬ ಹಳೆಯ ಸಿನಿಮಾ ಪೋಸ್ಟರುಗಳ ಅಕ್ಷರಗಳನ್ನು ಸಂಗ್ರಹಿಸುತ್ತಾನೆ. ಹಿರಿಯರ ಕಣ್ಣಿಗೆ ಇವು ಹೊತ್ತು ಕಳೆಯುವ ಹವ್ಯಾಸಗಳು. ಆದರೆ ಈ ನಾಲ್ಕಕ್ಕೂ ಒಂದು ಸಮಾನ ಗುಣವಿದೆ. ನಾಲ್ಕರಲ್ಲೂ ಮೊದಲ ಪ್ರತಿಯನ್ನು ಸಿದ್ಧಪಡಿಸಲು ಅಪಾರ ಶ್ರಮ ಬೇಕು. ನಂತರದ ಪ್ರತಿಗಳಲ್ಲಿ ಆ ವಿನ್ಯಾಸವನ್ನು ಬಳಸಲು ಬಹುತೇಕ ಏನೂ ಖರ್ಚಿಲ್ಲ. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗುವುದೂ ಇಲ್ಲ. ಅರ್ಥಶಾಸ್ತ್ರಜ್ಞರು ಇಂಥದ್ದನ್ನು ಸಾರ್ವಜನಿಕ ಸರಕಿನ ಲಕ್ಷಣ ಎನ್ನುತ್ತಾರೆ. ಇಂಥ ಸರಕನ್ನು ಬಿಡಿ ವ್ಯಾಪಾರಿಯೊಬ್ಬ ತನ್ನ ಹಣದಿಂದ ತಯಾರಿಸುವುದಿಲ್ಲ. ತಯಾರಾದ ಮೇಲೆ ಎಲ್ಲರೂ ಬಿಟ್ಟಿಯಾಗಿ ಬಳಸುತ್ತಾರೆ.

ಕಣಗಿನಹಾಳದ ರೈತರ ಮುಂದೆ 1905ರಲ್ಲಿ ಇದ್ದದ್ದು ಸಾಲದ ಪ್ರಶ್ನೆ. ಒಬ್ಬೊಬ್ಬ ರೈತನೂ ಪ್ರತ್ಯೇಕವಾಗಿ ಸಾಹುಕಾರನ ಬಾಗಿಲಿಗೆ ಹೋದಾಗ ಅವನ ಮಾತಿಗೆ ಬೆಲೆಯಿರಲಿಲ್ಲ, ಬಡ್ಡಿಗೆ ಮಿತಿಯಿರಲಿಲ್ಲ. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಕಟ್ಟಿದ್ದ ಸಾಲ ಸಂಘಗಳ ಮಾದರಿಯನ್ನು ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಅಧ್ಯಯನ ಮಾಡಿ ವರದಿ ಕೊಟ್ಟಿದ್ದರು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಂದಿನ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ತಮ್ಮ ಹಳ್ಳಿಯಲ್ಲಿ ಸಂಘವೊಂದನ್ನು ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಕಣಗಿನಹಾಳಕ್ಕೆ ಹೆಸರು ಬಂದದ್ದು ಹೀಗೆ. ಬಿಡಿಯಾಗಿ ನಿಂತಾಗ ಯಾರಿಗೂ ಇಲ್ಲದ ಭದ್ರತೆ ಒಗ್ಗಟ್ಟಾಗಿ ನಿಂತಾಗ ಎಲ್ಲರಿಗೂ ದೊರೆಯುತ್ತದೆ ಎಂಬುದು ಈ ಸಂಘದ ಹಿಂದಿದ್ದ ಸರಳ ತತ್ತ್ವ. ಇದೇ ಸೀಮೆಯ ಹುಲಕೋಟಿಯಲ್ಲಿ ಮುಂದೆ ಕೆ.ಎಚ್. ಪಾಟೀಲರ ನೇತೃತ್ವದಲ್ಲಿ ಸಹಕಾರಿ ನೂಲಿನ ಗಿರಣಿ ಎದ್ದು ನಿಂತಿತು. ಸಾಲದಿಂದ ಹತ್ತಿಯವರೆಗೆ ಸಹಕಾರ ಇಲ್ಲಿ ನಡೆದು ಬಂದಿದೆ. ಅದು ಅಕ್ಷರದ ತನಕ ಬರಲಿಲ್ಲ.

ಬರಬೇಕಾಗಿದ್ದ ಜಾಗವಂತೂ ಕಣಗಿನಹಾಳಕ್ಕೆ ಹತ್ತಿರದಲ್ಲೇ ಇತ್ತು. ಗದಗವನ್ನು ಜನ ಮುದ್ರಣ ಕಾಶಿ ಎಂದು ಕರೆಯುತ್ತಾರೆ. ಹೊಂಬಾಳಿ, ಶಾಬಾದಿಮಠ, ಸಂಕೇಶ್ವರ ಮೊದಲಾದ ಮನೆತನಗಳ ಹೆಸರು ಉತ್ತರ ಕರ್ನಾಟಕದ ಓದುಗರಿಗೆ ಪುಸ್ತಕದ ಮೂಲಕವೇ ಪರಿಚಯ. ಲೆಕ್ಕದ ಪುಸ್ತಕ, ಶಾಲೆಯ ನೋಟುಬುಕ್ಕು, ಪುರಾಣ, ಬಯಲಾಟದ ಪುಸ್ತಕ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಎಲ್ಲವೂ ಇಲ್ಲಿನ ಯಂತ್ರಗಳಿಂದ ಹೊರಬಂದವು. ಸಾರಿಗೆ ಉದ್ಯಮಿ ಹಾಗೂ ಪತ್ರಿಕೋದ್ಯಮಿ ವಿಜಯ ಸಂಕೇಶ್ವರರು ದುಡಿಮೆ ಆರಂಭಿಸಿದ್ದೂ ತಮ್ಮ ಮನೆತನದ ಮುದ್ರಣಾಲಯದಲ್ಲಿಯೇ. ವೃತ್ತಿನಾಟಕ ಕಂಪನಿಗಳು ಊರೂರಿನಲ್ಲಿ ಕ್ಯಾಂಪು ಹಾಕುತ್ತಿದ್ದ ಕಾಲದಲ್ಲಿ ಅವುಗಳ ಗೋಡೆಪತ್ರಗಳಿಗೆ ದೂರದಿಂದಲೂ ಓದಬಲ್ಲ ದಪ್ಪ ಅಕ್ಷರಗಳು ಬೇಕಾಗುತ್ತಿದ್ದವು. ಇವೆಲ್ಲದರ ಜೊತೆಗೆ ಚಿತ್ರಕಲಾವಿದ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾಮಂದಿರ ಇದೇ ಊರಿನಲ್ಲಿ ಚಿತ್ರಕಲೆಯನ್ನು ಕಲಿಸಿತು. ಕೂಡು ಊರಾದ ಬೆಟಗೇರಿ ನೇಕಾರರ ಊರು. ಮುದ್ರಣ, ಚಿತ್ರಕಲೆ, ಮಗ್ಗ ಮತ್ತು ಸಹಕಾರ, ಈ ನಾಲ್ಕೂ ಇಷ್ಟು ಸಮೀಪದಲ್ಲಿರುವ ಊರು ಕರ್ನಾಟಕದಲ್ಲಿ ಅಪರೂಪ. ಆದರೂ ಮುದ್ರಕನಿಗೆ ಬೇಕಾದ ಚಿತ್ರವನ್ನು ಚಿತ್ರಕಾರ, ನೇಕಾರನಿಗೆ ಬೇಕಾದ ನಕ್ಷೆಯನ್ನು ವಿನ್ಯಾಸಕಾರ ನಿಯಮಿತವಾಗಿ ಒದಗಿಸುವ ವ್ಯವಸ್ಥೆಯೊಂದು ಇಲ್ಲಿ ಬೇರೂರಲಿಲ್ಲ.

ಅಚ್ಚುಮೊಳೆಯ ಕಾಲದಲ್ಲಿ ಕನ್ನಡದ ಮುದ್ರಕನ ಕಷ್ಟ ಇಂಗ್ಲಿಷಿನವನ ಕಷ್ಟಕ್ಕಿಂತ ಹಲವು ಪಟ್ಟು ಹೆಚ್ಚು. ಇಂಗ್ಲಿಷಿಗೆ ದೊಡ್ಡ ಮತ್ತು ಸಣ್ಣ ಅಕ್ಷರ ಸೇರಿ 52 ರೂಪಗಳು, ಜೊತೆಗೆ ಅಂಕಿ ಮತ್ತು ಚಿಹ್ನೆಗಳು. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಬಗೆಯ ಮೊಳೆಗಳು ಬೇಕು. ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ, ದೀರ್ಘ ಬಲಕ್ಕೆ ಚಾಚುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ ಆರಂಭಿಸಿದಾಗ ಕಲ್ಲಚ್ಚಿನಿಂದಲೇ ತೊಡಗಿತು. 1843ರ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಕಲ್ಲಚ್ಚಿನಲ್ಲಿ. ಅಲ್ಲಿಂದ 1894ರಲ್ಲಿ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬರುವವರೆಗಿನ ಅರ್ಧ ಶತಮಾನದಲ್ಲಿ ಕನ್ನಡದ ಮೊಳೆಗಳು ತಿದ್ದಿಕೊಳ್ಳುತ್ತ ಹೋದವು. ಆ ಖರ್ಚನ್ನು ಹೊತ್ತದ್ದು ಮತಪ್ರಚಾರದ ಉದ್ದೇಶವಿದ್ದ ಒಂದು ಸಂಸ್ಥೆ. ಮಾರುಕಟ್ಟೆಯ ಲಾಭ ಮಾತ್ರವೇ ಅದರ ಲೆಕ್ಕಾಚಾರವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಕಂಪ್ಯೂಟರ್ ಬಂದ ಮೇಲೂ ಕಥೆ ಹೆಚ್ಚು ಬದಲಾಗಲಿಲ್ಲ. ಕನ್ನಡಕ್ಕೆ ಕೀಲಿಮಣೆ ಮತ್ತು ಅಕ್ಷರ ಜೋಡಣೆಯ ತರ್ಕ ರೂಪಿಸಿದ ಕೆ.ಪಿ. ರಾವ್, 1998ರಲ್ಲಿ ‘ಬರಹ’ ತಂತ್ರಾಂಶ ಕೊಟ್ಟ ಶೇಷಾದ್ರಿವಾಸು, ‘ನುಡಿ’ಯನ್ನು ಹೊರತಂದ ಕನ್ನಡ ಗಣಕ ಪರಿಷತ್ತು, ಇವರೆಲ್ಲರೂ ಲಾಭಕ್ಕಿಂತ ಹೆಚ್ಚಾಗಿ ಕನ್ನಡದ ಕೆಲಸವೆಂದು ದುಡಿದವರು. ವಿಂಡೋಸಿನೊಂದಿಗೆ ಬರುವ ‘ತುಂಗಾ’ ಅಕ್ಷರರೂಪವನ್ನು ರಚಿಸಿದವರು ಸಾಂಗಲಿಯಲ್ಲಿ ಹುಟ್ಟಿದ ಅಕ್ಷರಕಲೆಯ ಗುರು ಆರ್.ಕೆ. ಜೋಶಿ; ಅದಕ್ಕೆ ಹಣ ಬಂದದ್ದು ದೊಡ್ಡ ಕಂಪನಿಯಿಂದ. ಮುಂಬೈಯ ಏಕ್ ಟೈಪ್ ಎಂಬ ವಿನ್ಯಾಸಕಾರರ ಬಳಗ ರೂಪಿಸಿದ ‘ಬಾಲೂ ತಮ್ಮ’, ‘ಅನೇಕ್ ಕನ್ನಡ’ ಅಕ್ಷರರೂಪಗಳು ಗೂಗಲ್ ಮೂಲಕ ಇಂದು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಸ್ವಯಂಸೇವಕರ ಶ್ರಮದಿಂದ ‘ಗುಬ್ಬಿ’, ‘ನವಿಲು’ಗಳಂಥ ಮುಕ್ತ ಫಾಂಟುಗಳು ಬಂದಿವೆ. ಇವೆಲ್ಲವೂ ಸ್ವಾಗತಾರ್ಹ. ಆದರೆ ಇವುಗಳ ಬೆನ್ನಿಗೆ ನಿಂತದ್ದು ವ್ಯಕ್ತಿಯ ತ್ಯಾಗ ಅಥವಾ ವಿದೇಶಿ ಕಂಪನಿಯ ಬೊಕ್ಕಸ. ದಿನನಿತ್ಯ ಕನ್ನಡ ಅಕ್ಷರವನ್ನೇ ಮಾರಿ ಬದುಕುವ ನಮ್ಮ ಮುದ್ರಣ ಉದ್ಯಮ ಈ ಖರ್ಚಿನಲ್ಲಿ ಪಾಲು ಹೊತ್ತದ್ದು ಕಡಿಮೆ.

ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಲಗ್ನಪತ್ರಿಕೆ, ನಾಮಫಲಕ, ಶೀರ್ಷಿಕೆಗಳಿಗೆ ಒಪ್ಪುವ ಒಂದು ಹೊಸ ಕನ್ನಡ ಅಕ್ಷರರೂಪ ಸಿದ್ಧಪಡಿಸಲು ಐದು ಲಕ್ಷ ರೂಪಾಯಿ ಬೇಕು. ಒಬ್ಬ ಮುದ್ರಕ ಇಷ್ಟು ಹಣ ಹಾಕಲಾರ. ಹಾಕಿದರೂ ಮರುದಿನವೇ ಪಕ್ಕದ ಅಂಗಡಿಯವನು ಅದನ್ನು ನಕಲು ಮಾಡಿಕೊಳ್ಳುತ್ತಾನೆ. ನೂರು ಮುದ್ರಕರು ಸೇರಿದರೆ ತಲೆಗೆ ಐದು ಸಾವಿರ. ನಕಲು ಮಾಡಬೇಕಾದ ಪಕ್ಕದ ಅಂಗಡಿಯವನೇ ಪಾಲುದಾರನಾಗಿರುತ್ತಾನೆ. ಸಾಲದ ವಿಷಯದಲ್ಲಿ ಕಣಗಿನಹಾಳ ಮಾಡಿದ ಲೆಕ್ಕಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಅಕ್ಷರದಿಂದ ಮಗ್ಗಕ್ಕೆ ಬಂದರೆ ಇನ್ನೊಂದು ಆರ್ಥಿಕ ನಿಯಮ ಎದುರಾಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೊಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕತೆಯನ್ನು ಕುರಿತು ಬರೆದರು. ನಾಲ್ವರು ನುಡಿಸುವ ಸಂಗೀತವನ್ನು ನೂರು ವರ್ಷಗಳ ನಂತರವೂ ನಾಲ್ವರೇ, ಅಷ್ಟೇ ಹೊತ್ತು ನುಡಿಸಬೇಕು. ಉಳಿದ ಉದ್ಯಮಗಳಲ್ಲಿ ಯಂತ್ರದಿಂದ ಉತ್ಪಾದಕತೆ ಏರಿ ಕೂಲಿ ಹೆಚ್ಚಿದಾಗ ಇಲ್ಲಿಯೂ ಕೂಲಿ ಹೆಚ್ಚಬೇಕು. ಉತ್ಪಾದಕತೆ ಮಾತ್ರ ಏರದು. ಕೈಮಗ್ಗದ ಸ್ಥಿತಿಯೂ ಇದೇ. ಬೆಟಗೇರಿಯ ನೇಕಾರ ಹಾಸು ಹೊಕ್ಕು ಸೇರಿಸಿ ಸೀರೆ ನೇಯಲು ಅವನ ಅಜ್ಜನಿಗೆ ಹಿಡಿದಷ್ಟೇ ಹೊತ್ತು ಹಿಡಿಯುತ್ತದೆ. ವಿದ್ಯುತ್ ಮಗ್ಗ ಅದೇ ಹೊತ್ತಿನಲ್ಲಿ ಹಲವು ಸೀರೆಗಳನ್ನು ಹೊರಹಾಕುತ್ತದೆ. ಬೆಲೆಯ ಮೇಲೆ ಸ್ಪರ್ಧಿಸಿದರೆ ಕೈಮಗ್ಗ ಸೋಲುವುದು ನಿಶ್ಚಿತ. ರಿಯಾಯಿತಿ ಮಾರಾಟ, ಸಾಲ ಮನ್ನಾಗಳು ಈ ಸೋಲನ್ನು ಮುಂದೂಡುತ್ತವೆಯೇ ಹೊರತು ತಪ್ಪಿಸುವುದಿಲ್ಲ.

ಕೈಕೆಲಸದ ಖರ್ಚು ಇಳಿಯದು ಎಂದಾದರೆ ಅದರ ಮೌಲ್ಯವನ್ನು ಏರಿಸುವುದೊಂದೇ ಉಳಿದ ದಾರಿ. ಮೌಲ್ಯ ಏರುವುದು ವಿನ್ಯಾಸದಿಂದ. ಗದಗ ಜಿಲ್ಲೆಯದೇ ಆದ ಗಜೇಂದ್ರಗಡ ಸೀಮೆಯ ‘ಪಟ್ಟೇದ ಅಂಚು’ ಸೀರೆ ಇದಕ್ಕೆ ಉದಾಹರಣೆ. ಚೌಕುಳಿಯ ಮೈ, ಎದ್ದು ಕಾಣುವ ಅಂಚು. ಹೊಲದಲ್ಲಿ ದುಡಿಯುವ ಹೆಂಗಸರು ಉಡುತ್ತಿದ್ದ ಗಟ್ಟಿ ಸೀರೆ. ಬಹುತೇಕ ಮರೆಯಾಗಿದ್ದ ಈ ನೇಯ್ಗೆಯನ್ನು ಹೇಮಲತಾ ಜೈನ್ ಅವರು ಹುಡುಕಿ, ದಾಖಲಿಸಿ, ನೇಕಾರರನ್ನು ಕೂಡಿಸಿ ಮತ್ತೆ ಮಾರುಕಟ್ಟೆಗೆ ತಂದರು. ನಗರದ ವಿದ್ಯಾವಂತ ಮಹಿಳೆಯರು ಇಂದು ಅದನ್ನು ಅಭಿಮಾನದಿಂದ ಉಡುತ್ತಾರೆ. ಮಗ್ಗ ಹಳೆಯದೇ, ನೂಲೂ ಹತ್ತಿಯದೇ. ಹೊಸದಾಗಿ ಸೇರಿದ್ದು ವಿನ್ಯಾಸಕಾರರೊಬ್ಬರ ಕಣ್ಣು ಮತ್ತು ಶ್ರಮ. ಇಂಥ ಒಬ್ಬರು ಸಿಗದೆ ಹೋದ ನೇಯ್ಗೆಗಳ ಗತಿ ಏನು ಎಂಬುದೇ ಚಿಂತೆಯ ವಿಷಯ. ಕಲೆಯ ಉಳಿವು ಒಬ್ಬ ವ್ಯಕ್ತಿಯ ಆಸಕ್ತಿಯನ್ನು ಆಶ್ರಯಿಸಿರಬಾರದು. ಸಂಸ್ಥೆಯೊಂದು ಅದರ ಹಿಂದೆ ಇರಬೇಕು.

ಕಾನೂನಿನ ನೆರವು ಇದೆಯಲ್ಲ ಎಂದು ಕೇಳಬಹುದು. ಇಳಕಲ್ ಸೀರೆ, ಕಸೂತಿ, ನವಲಗುಂದದ ಜಮಖಾನೆ, ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವುದು ನಿಜ. ಆದರೆ 1999ರ ಆ ಕಾಯ್ದೆ ಕಾಪಾಡುವುದು ಹೆಸರನ್ನು ಮತ್ತು ಮೂಲಸ್ಥಾನವನ್ನು. ನೇಕಾರನೊಬ್ಬ ಇಂದು ರಚಿಸಿದ ಹೊಸ ಸೆರಗಿನ ನಕ್ಷೆಗೆ ಅದು ರಕ್ಷಣೆ ಕೊಡದು. ಇನ್ನು ಕೃತಿಸ್ವಾಮ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ ಬಿಟ್ಟು, ಅದನ್ನು ಅಳವಡಿಸಿದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಕೃತಿಸ್ವಾಮ್ಯ ಅಲ್ಲಿಗೇ ಮುಗಿಯುತ್ತದೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಿದರೆ ಹತ್ತು ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷ ರಕ್ಷಣೆ ಉಂಟು. ಬೆಟಗೇರಿಯ ಒಬ್ಬ ನೇಕಾರ ಅರ್ಜಿ ಬರೆದು, ಶುಲ್ಕ ಕಟ್ಟಿ, ಆಮೇಲೆ ನಕಲು ಮಾಡಿದವನ ಮೇಲೆ ದಾವೆ ಹೂಡಿ ಗೆಲ್ಲುವನೆಂದು ನಂಬುವುದು ಕಷ್ಟ. ಸಂಘವೊಂದು ಸದಸ್ಯರೆಲ್ಲರ ಪರವಾಗಿ ಈ ಕೆಲಸ ಮಾಡಬಲ್ಲದು.

ಸಹಕಾರ ಸಂಘಕ್ಕೂ ಕಲೆಗೂ ಎತ್ತಣ ಸಂಬಂಧ ಎಂದು ಮೂಗು ಮುರಿಯುವವರು ದೇಶದ ಅತ್ಯಂತ ಪ್ರಸಿದ್ಧ ಜಾಹೀರಾತು ಚಿತ್ರ ಯಾರದು ಎಂದು ಯೋಚಿಸಲಿ. ಚುಕ್ಕಿ ಲಂಗದ ಅಮೂಲ್ ಹುಡುಗಿ 1966ರಿಂದ ದೇಶದ ಆಗುಹೋಗುಗಳ ಮೇಲೆ ಟೀಕೆ ಮಾಡುತ್ತ ಬಂದಿದ್ದಾಳೆ. ಸಿಲ್ವೆಸ್ಟರ್ ಡ ಕುನ್ಹಾ ಅವರ ಸಂಸ್ಥೆಯಲ್ಲಿ ಅವಳನ್ನು ರೇಖೆಗಳಲ್ಲಿ ಮೂಡಿಸಿದವರು ಯುಸ್ಟೇಸ್ ಫರ್ನಾಂಡಿಸ್. ಅವಳ ಒಡೆಯರು ಗುಜರಾತಿನ ಹಾಲು ಉತ್ಪಾದಕರು. ಪ್ರತಿ ಜಾಹೀರಾತನ್ನೂ ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕೆಂದು ವರ್ಗೀಸ್ ಕುರಿಯನ್ ಕಟ್ಟುಪಾಡು ಮಾಡಲಿಲ್ಲ. ಚಿತ್ರಕಾರನ ಸ್ವಾತಂತ್ರ್ಯಕ್ಕೂ ಸಂಘದ ಹಿತಕ್ಕೂ ವಿರೋಧವಿಲ್ಲ ಎಂಬುದು ಅರ್ಧ ಶತಮಾನಕ್ಕೂ ಮಿಕ್ಕಿ ಸಾಬೀತಾಗಿದೆ. 1976ರಲ್ಲಿ ಅದೇ ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟು ಒಂದು ಚಲನಚಿತ್ರವನ್ನೇ ನಿರ್ಮಿಸಿದರು. ಶ್ಯಾಮ್ ಬೆನಗಲ್ ನಿರ್ದೇಶನದ ಆ ‘ಮಂಥನ್’ ಚಿತ್ರದಲ್ಲಿ ಪಶುವೈದ್ಯನ ಪಾತ್ರ ವಹಿಸಿದವರು ನಮ್ಮ ಗಿರೀಶ ಕಾರ್ನಾಡರು. 2024ರಲ್ಲಿ ಅದರ ಜೀರ್ಣೋದ್ಧಾರಗೊಂಡ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಕರಕುಶಲ ಕಲೆಯನ್ನೂ ಸಹಕಾರವನ್ನೂ ಜೋಡಿಸುವ ಯೋಚನೆ ಕನ್ನಡ ನೆಲಕ್ಕೆ ಹೊಸದಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿದರು. ದೇಶ ವಿಭಜನೆಯ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ದುಡಿದ ಆ ಸಂಸ್ಥೆ ದೆಹಲಿಯ ಗೃಹಕೈಗಾರಿಕಾ ಮಳಿಗೆಯ ಆಡಳಿತವನ್ನೂ ಹೊತ್ತಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಮೇಲೂ ಅವರ ಒತ್ತು ಕುಶಲಕರ್ಮಿಗಳ ಸಂಘಟನೆಯ ಮೇಲೆಯೇ ಇತ್ತು. ಇದಕ್ಕೆ ಪ್ರತಿಯಾದ ಉದಾಹರಣೆ ಇಂಗ್ಲೆಂಡಿನದು. ಯಂತ್ರದ ವಿರುದ್ಧ ಕೈಕೆಲಸದ ಪರ ನಿಂತ ವಿಲಿಯಂ ಮಾರಿಸ್ 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯ ಸ್ಥಾಪಿಸಿ, ತಾನೇ ಅಕ್ಷರಗಳನ್ನು ರಚಿಸಿ, ಅಪೂರ್ವ ಸೌಂದರ್ಯದ ಪುಸ್ತಕಗಳನ್ನು ಹೊರತಂದ. ಸಮಾಜವಾದಿಯಾಗಿದ್ದ ಮಾರಿಸನ ಪುಸ್ತಕಗಳು ಕೈಗೆಟುಕಿದ್ದು ಮಾತ್ರ ಶ್ರೀಮಂತರಿಗೆ. ಸಂಘಟನೆಯಿಲ್ಲದ ಸೌಂದರ್ಯ ಕೊನೆಗೆ ಉಳ್ಳವರ ಷೋಕಿಯಾಗಿಬಿಡುತ್ತದೆ.

ಅನಿಮೇಷನ್ ವಿಷಯದಲ್ಲಿ ಕರ್ನಾಟಕ ಸರ್ಕಾರ ಮುಂದಾಲೋಚನೆ ತೋರಿದೆ ಎನ್ನಬೇಕು. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ಇದು. 2024–29ರ ಅವಧಿಗೆ ಹೊಸ ನೀತಿಯೂ ಬಂದಿದೆ. 2023ರಲ್ಲಿ ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರ ಉದ್ಘಾಟನೆಯಾಯಿತು. ಆದರೆ ಈ ಉದ್ಯಮ ಬಹುಮಟ್ಟಿಗೆ ಹೊರದೇಶದ ಸ್ಟುಡಿಯೋಗಳ ಕೆಲಸವನ್ನು ಕೂಲಿಗೆ ಮಾಡಿಕೊಡುವ ಉದ್ಯಮ. ಕಥೆ ಅವರದು, ಹಕ್ಕು ಅವರದು, ದುಡಿಮೆ ನಮ್ಮದು. ಬೆಟಗೇರಿಯ ನೇಕಾರ ನೂಲು ತಂದುಕೊಟ್ಟ ಸಾಹುಕಾರನಿಗೆ ಕೂಲಿಗೆ ನೇಯುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಚಿತ್ರಕ್ಕೆ ಚಲನೆ ಕೊಡುವ ವಿದ್ಯೆ ನಮ್ಮಲ್ಲಿಗೆ ಕಂಪ್ಯೂಟರಿನೊಂದಿಗೆ ಬಂದದ್ದಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆಯಾಟಕ್ಕಾಗಿ. ತೊಗಲನ್ನು ಹದಮಾಡಿ, ಗೆರೆ ಬರೆದು, ಬಣ್ಣ ತುಂಬಿ, ಕೀಲು ಜೋಡಿಸಿ, ದೀಪದ ಮುಂದೆ ಆಡಿಸುವ ಆ ಕಲೆಯಲ್ಲಿ ಚಿತ್ರ, ಚಲನೆ, ಕೈಕೆಲಸ ಮೂರೂ ಒಂದೇ ಆಗಿವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಮಾಧ್ಯಮದಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆಯನ್ನು ಹೇಳಿದರು. 2023ರಲ್ಲಿ ಅವರು ತೀರಿಕೊಂಡರು. ಇಂಥವರ ಗೊಂಬೆಗಳ ರೇಖೆ, ಬಣ್ಣ, ಕೀಲುಗಳ ವ್ಯವಸ್ಥಿತ ದಾಖಲೆ ಇದ್ದಿದ್ದರೆ ಅದು ನಮ್ಮ ಅನಿಮೇಷನ್ ವಿದ್ಯಾರ್ಥಿಗಳ ಮೊದಲ ಪಠ್ಯವಾಗಬಹುದಿತ್ತು. ಹಾಗೆಯೇ, ನಮ್ಮ ಗೋವಿನ ಹಾಡಿನ ಕಥೆಯನ್ನಾಧರಿಸಿ ವಿ. ರವಿಶಂಕರ್ ನಿರ್ದೇಶಿಸಿದ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಚಿತ್ರ 2020ರಲ್ಲಿ ಬಂದಿತು. ಅದು ಸಿದ್ಧವಾದದ್ದು ಜನರಿಂದ ಸಂಗ್ರಹಿಸಿದ ಹಣದಿಂದ. ಎರಡು ರೂಪಾಯಿಯ ‘ಮಂಥನ್’ ಮಾದರಿ ಇಂದಿಗೂ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಗದಗ–ಬೆಟಗೇರಿಯ ಮುದ್ರಕರು, ನೇಕಾರರು, ಚಿತ್ರಕಾರರು ಮತ್ತು ಯುವ ವಿನ್ಯಾಸಕಾರರು ಸೇರಿ ಒಂದು ವಿನ್ಯಾಸ ಸಹಕಾರ ಸಂಘ ಸ್ಥಾಪಿಸಬೇಕು. 1959ರ ಸಹಕಾರ ಸಂಘಗಳ ಕಾಯ್ದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ ಎರಡೂ ಇದಕ್ಕೆ ದಾರಿ ಮಾಡಿಕೊಡುತ್ತವೆ. ಸಂಘವು ಸದಸ್ಯರ ವಂತಿಗೆಯಿಂದ ಅಕ್ಷರರೂಪಗಳನ್ನು, ಚಿತ್ರಗಳನ್ನು, ಸೀರೆಯ ನಕ್ಷೆಗಳನ್ನು ಬರೆಸಲಿ. ಹಕ್ಕನ್ನು ತನ್ನ ಹೆಸರಿನಲ್ಲಿ ನೋಂದಾಯಿಸಲಿ. ಸದಸ್ಯರಿಗೆ ಬಳಕೆಯ ಅನುಮತಿ ಕೊಡಲಿ. ಹೊರಗಿನವರಿಂದ ಶುಲ್ಕ ಪಡೆದು ಅದರಲ್ಲಿ ರಚನಕಾರನಿಗೆ ಪಾಲು ಸಲ್ಲಿಸಲಿ. ಹೆಸರು ಪ್ರಕಟಿಸುವುದೂ ಕಡ್ಡಾಯವಾಗಲಿ. ಮುಖಪುಟದ ಚಿತ್ರಕಾರನ ಹೆಸರೇ ಇಲ್ಲದ ಪುಸ್ತಕಗಳು ನಮ್ಮಲ್ಲಿ ಇಂದಿಗೂ ಬರುತ್ತಿರುವುದು ಶೋಭೆಯ ಸಂಗತಿಯಲ್ಲ.

ಎರಡನೆಯದಾಗಿ, ದಾಖಲೆಯ ಕೆಲಸ ತಡಮಾಡದೆ ಆರಂಭವಾಗಬೇಕು. ಆಫ್‌ಸೆಟ್ ಮತ್ತು ಡಿಟಿಪಿ ಬಂದ ಮೇಲೆ ಸೀಸದ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು; ಮರದ ದಪ್ಪ ಅಕ್ಷರಗಳು, ಚಿತ್ರದ ಬ್ಲಾಕುಗಳು ಒಲೆಗೂ ಅಟ್ಟಕ್ಕೂ ಸೇರಿದವು. ಅಳಿದುಳಿದದ್ದನ್ನಾದರೂ ಅಚ್ಚೊತ್ತಿ, ಸ್ಕ್ಯಾನ್ ಮಾಡಿ ಇಡಬೇಕು. ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಹಿರಿಯ ಪೇಂಟರುಗಳಿಂದ ಅವರ ಅಕ್ಷರಮಾಲೆಯನ್ನು ಪೂರ್ತಿಯಾಗಿ ಬರೆಸಿಟ್ಟುಕೊಳ್ಳಬೇಕು. ಲಕ್ಕುಂಡಿಯ ಗುಡಿಗಳ ಕಂಬದ ಕೆತ್ತನೆ, ಗದಗದ ಸರಸ್ವತಿ ಗುಡಿಯ ಅಲಂಕಾರ, ಈ ಸೀಮೆಯ ಶಿಲಾಶಾಸನಗಳ ದುಂಡಕ್ಷರ, ಕಸೂತಿಯ ಗೋಪುರ, ತೇರು, ತುಳಸಿಕಟ್ಟೆಗಳು ಇದೇ ಭಂಡಾರಕ್ಕೆ ಸೇರಲಿ. ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದಕ್ಕೆ ಆಶ್ರಯ ಕೊಡಬಹುದು.

ಮೂರನೆಯದು ಸರ್ಕಾರಕ್ಕೆ ಸಂಬಂಧಿಸಿದ್ದು. ಮುದ್ರಣದ ದೊಡ್ಡ ಗಿರಾಕಿ ಸರ್ಕಾರವೇ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಬಂದ ಮೇಲೆ ಖರೀದಿಯಲ್ಲಿ ಶಿಸ್ತು ಬಂದಿತು. ಆದರೆ ಟೆಂಡರಿನಲ್ಲಿ ಕಡಿಮೆ ದರ ನಮೂದಿಸಿದವರಿಗೇ ಕೆಲಸ ಎಂದಾದಾಗ ಮೊದಲು ಬಿಟ್ಟುಹೋಗುವುದು ವಿನ್ಯಾಸ. ಕಾಗದಕ್ಕೆ ಗ್ರಾಂ ಲೆಕ್ಕವಿದೆ, ಬಣ್ಣಕ್ಕೆ ಸಂಖ್ಯೆಯಿದೆ. ಚಿತ್ರ ಮತ್ತು ಅಕ್ಷರದ ಗುಣಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಬಾಬ್ತೇ ಇರುವುದಿಲ್ಲ. ಆಡಳಿತದಲ್ಲಿ ಬಹುಕಾಲ ಕಳೆದವರಿಗೆಲ್ಲ ತಿಳಿದಿರುವ ಮಾತು ಇದು: ಲೆಕ್ಕಶೀರ್ಷಿಕೆ ಇಲ್ಲದ ಕೆಲಸಕ್ಕೆ ಹಣ ಬಿಡುಗಡೆಯಾಗದು. ಪಠ್ಯಪುಸ್ತಕ, ಪ್ರಚಾರಪತ್ರ, ಸಾರ್ವಜನಿಕ ಫಲಕಗಳ ಅಂದಾಜು ಪಟ್ಟಿಯಲ್ಲಿ ವಿನ್ಯಾಸಕ್ಕೆ ಪ್ರತ್ಯೇಕ ಬಾಬ್ತು ಸೇರಿಸಿ, ಗುಣಮಟ್ಟ ಪರಿಶೀಲಿಸಿದ ಮೇಲಷ್ಟೇ ದರ ನೋಡುವಂತೆ ಮಾಡಿದರೆ ಸಾಕು; ಹೊಸ ಯೋಜನೆ, ಹೊಸ ನಿಗಮ ಬೇಕಿಲ್ಲ. ಕೇಂದ್ರ ಸರ್ಕಾರ 2007ರಲ್ಲಿ ರಾಷ್ಟ್ರೀಯ ವಿನ್ಯಾಸ ನೀತಿಗೆ ಒಪ್ಪಿಗೆ ಕೊಟ್ಟಿತು. ಅದರ ಆಶಯ ಜಿಲ್ಲಾ ಮಟ್ಟದ ಟೆಂಡರ್ ದಾಖಲೆಗೆ ಇಳಿದಾಗಲೇ ನೀತಿಗೆ ಅರ್ಥ ಬರುವುದು.

ಆಕ್ಷೇಪಗಳೂ ಉಂಟು. ಸಹಕಾರ ಸಂಘಗಳು ರಾಜಕೀಯದ ಅಖಾಡಗಳಾಗಿವೆ, ಚುನಾವಣೆ ಮತ್ತು ಸಾಲ ಮನ್ನಾಗಳಾಚೆ ಅವುಗಳಿಗೆ ಕಣ್ಣಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಸರ್ಕಾರದ ಷೇರು ಬಂಡವಾಳ ಹೆಚ್ಚಿದಂತೆ ಸರ್ಕಾರದ ಕೈಯೂ ಉದ್ದವಾಗುತ್ತದೆ. ಆದ್ದರಿಂದಲೇ ಈ ಸಂಘ ಸದಸ್ಯರ ಹಣದಿಂದ, ಸಣ್ಣ ಪ್ರಮಾಣದಲ್ಲಿ ಆರಂಭವಾಗಬೇಕು. ಆಡಳಿತ ಮಂಡಳಿಯ ಸಭೆಯಲ್ಲಿ ಕೈಯೆತ್ತಿ ಚಿತ್ರದ ಬಣ್ಣ ನಿರ್ಧರಿಸಿದರೆ ಅದು ಚಿತ್ರವಾಗದು ಎಂಬ ಭಯವೂ ಸಹಜ. ಅದಕ್ಕೆ ಕುರಿಯನ್ನರ ಪದ್ಧತಿಯೇ ಉತ್ತರ: ಹಣ, ಹಕ್ಕು, ಲೆಕ್ಕ ಸಂಘದ್ದು; ರೇಖೆ ಚಿತ್ರಕಾರನದು.

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕ್ಷಣಾರ್ಧದಲ್ಲಿ ಚಿತ್ರ ಬರೆದುಕೊಡುವ ಈ ಕಾಲದಲ್ಲಿ ಇಷ್ಟೆಲ್ಲ ಶ್ರಮ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಆ ಯಂತ್ರಗಳು ತಮಗೆ ಉಣಿಸಿದ್ದನ್ನೇ ಬೆರೆಸಿ ಬಡಿಸುತ್ತವೆ. ಪಟ್ಟೇದ ಅಂಚಿನ ಚೌಕುಳಿ, ಮೋರನಾಳದ ಗೊಂಬೆಯ ಕಣ್ಣು, ಗದಗದ ನಾಟಕದ ಗೋಡೆಪತ್ರದ ಅಕ್ಷರ ಎಲ್ಲಿಯೂ ದಾಖಲಾಗದಿದ್ದರೆ ಯಂತ್ರಕ್ಕೂ ಅವು ತಿಳಿಯುವುದಿಲ್ಲ. ಮುಂದಿನ ಪೀಳಿಗೆ ಯಂತ್ರ ತೋರಿಸಿದ್ದನ್ನೇ ಕನ್ನಡದ ರೂಪವೆಂದು ನಂಬುತ್ತದೆ. ದಾಖಲಾದರೂ ಹಕ್ಕು ಯಾರದೆಂದು ನಿರ್ಧಾರವಾಗದಿದ್ದರೆ ಅದರ ಲಾಭ ದೂರದ ಕಂಪನಿಗೆ ಹೋಗುತ್ತದೆ. ಸಂಘದ ಅಗತ್ಯ ಇದರಿಂದ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿಕೊಂಡಿತು. ದೇಶದಲ್ಲೆಲ್ಲ ತಾವು ಕಂಡ ವಸ್ತುಗಳ ಪೈಕಿ ಅವರು ಅತಿಯಾಗಿ ಮೆಚ್ಚಿದ್ದು ನಮ್ಮ ಮನೆಮನೆಯ ತಂಬಿಗೆಯನ್ನು. ಅದನ್ನು ಯಾವ ಒಬ್ಬ ವಿನ್ಯಾಸಕಾರನೂ ರಚಿಸಲಿಲ್ಲ; ತಲೆಮಾರುಗಳು ಬಳಸುತ್ತ, ತಿದ್ದುತ್ತ ರೂಪಿಸಿದವು. ಕನ್ನಡದ ಅಕ್ಷರವೂ ಅಂಥದ್ದೇ. ಅದು ಒಬ್ಬರ ಸೊತ್ತಲ್ಲವಾದ್ದರಿಂದ ಅದರ ಹೊಣೆಯನ್ನೂ ಒಬ್ಬರೇ ಹೊರಲಾರರು. ವಿಶ್ವಸಂಸ್ಥೆ 2025ನ್ನು ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಆಚರಿಸಿತು. ಭಾಷಣ, ಬಾವುಟಗಳೊಂದಿಗೆ ಆ ವರ್ಷ ಮುಗಿದಿದೆ. ನೂರು ಮುದ್ರಕರು, ಐವತ್ತು ನೇಕಾರರು, ಹತ್ತು ಚಿತ್ರಕಾರರು ಒಂದು ಷರಾ ಪುಸ್ತಕದಲ್ಲಿ ಸಹಿ ಹಾಕಿ ತಲಾ ಐದು ಸಾವಿರ ಕೊಡಲು ವರ್ಷಾಚರಣೆ ಬೇಕಾಗಿಲ್ಲ. ಕಣಗಿನಹಾಳದ ರೈತರು ಅದನ್ನು ಯಾವ ಆಚರಣೆಯೂ ಇಲ್ಲದೆ ಮಾಡಿದರು.